ಸಂಸಾರ ಮುರಿದರೂ ಜಂಟಿ ಮನೆಯ ತೆರಿಗೆ ಲೆಕ್ಕ ಉಳಿಯುತ್ತದೆ

ಪುಣೆ: ಒಂದು ಕಾಲಕ್ಕೆ ಸೋಲಾಪುರ ರಸ್ತೆಯ ಬದಿಯ ಊರಾಗಿದ್ದ ಹಡಪಸರ ಇಂದು ಮಗರಪಟ್ಟಾ, ಅಮನೋರಾಗಳ ಎತ್ತರದ ಕಟ್ಟಡಗಳಿಂದ ತುಂಬಿದೆ. ಉದ್ಯೋಗವನ್ನರಸಿ ಬಂದ ಕನ್ನಡಿಗರು ಇಲ್ಲಿ ಸ್ವಂತ ಫ್ಲ್ಯಾಟ್ ಮಾಡಿಕೊಂಡಿದ್ದಾರೆ. ಗಂಡ-ಹೆಂಡತಿ ಇಬ್ಬರ ಹೆಸರಿನಲ್ಲೂ ಕರಾರುಪತ್ರ, ಇಬ್ಬರ ಸಂಬಳದಿಂದಲೂ ಸಾಲದ ಕಂತು ಎಂಬುದು ಈಗ ಸಾಮಾನ್ಯ. ದಾಂಪತ್ಯ ಮುರಿದಾಗ ಶಿವಾಜಿನಗರದ ಕುಟುಂಬ ನ್ಯಾಯಾಲಯದಲ್ಲಿ ಮಕ್ಕಳ ಪಾಲನೆ, ಜೀವನಾಂಶಗಳ ಜತೆಗೆ ‘ಮನೆ ಮಾರಿ ಹಣ ಹಂಚಿಕೊಳ್ಳುವುದು’ ಎಂಬ ಒಂದು ಸಾಲೂ ಸೇರುತ್ತದೆ. ತೆರಿಗೆಯ ಮಾತು ಮಾತ್ರ ಎಷ್ಟೋ ಸಲ ಮರೆತೇ ಹೋಗುತ್ತದೆ.

ಗೋವಾದಂಥ ಅಪವಾದ ಬಿಟ್ಟರೆ, ಮದುವೆಯಾದ ಮಾತ್ರಕ್ಕೆ ಆಸ್ತಿ ಅರ್ಧರ್ಧ ಎಂಬ ಕಾನೂನು ನಮ್ಮ ದೇಶದಲ್ಲಿಲ್ಲ. ಪತ್ರದಲ್ಲಿರುವ ಹೆಸರು, ಹಾಕಿದ ಹಣ ಇವೇ ಮುಖ್ಯ. ಯಾರೆಷ್ಟು ಹಣ ಹಾಕಿದರೆಂಬುದಕ್ಕೆ ಪುರಾವೆ ಇಲ್ಲದಿದ್ದರೆ 1882ರ ಆಸ್ತಿ ವರ್ಗಾವಣೆ ಕಾಯ್ದೆಯಂತೆ ಸಮಪಾಲೆಂದು ಭಾವಿಸಲಾಗುತ್ತದೆ. ಮಾರಾಟದ ಲಾಭವನ್ನು ತಮ್ಮ ತಮ್ಮ ಪಾಲಿನಂತೆ ಇಬ್ಬರೂ ಪ್ರತ್ಯೇಕವಾಗಿಯೇ ರಿಟರ್ನ್‌ನಲ್ಲಿ ತೋರಿಸಬೇಕು. ‘ಅವರೇ ನೋಡಿಕೊಳ್ಳುತ್ತಾರೆ’ ಎಂದು ಕೈಕಟ್ಟಿ ಕುಳಿತರೆ ನೋಟಿಸು ಮನೆ ಬಾಗಿಲಿಗೆ ಬಂದೀತು.

ಒಂದು ಉದಾಹರಣೆ: 2012-13ರಲ್ಲಿ 40 ಲಕ್ಷಕ್ಕೆ ಕೊಂಡ ಫ್ಲ್ಯಾಟನ್ನು 2025-26ರಲ್ಲಿ 90 ಲಕ್ಷಕ್ಕೆ ಮಾರಿದರೆಂದಿಟ್ಟುಕೊಳ್ಳಿ. ಸಮಪಾಲಾದರೆ ಒಬ್ಬೊಬ್ಬರ ಲಾಭ 25 ಲಕ್ಷ. ಶೇ. 12.5ರಂತೆ ತೆರಿಗೆ 3,12,500 ರೂ. ಆದರೆ 23 ಜುಲೈ 2024ಕ್ಕೆ ಮೊದಲು ಕೊಂಡ ಮನೆಗೆ ಬೆಲೆಯೇರಿಕೆಯ ಸೂಚ್ಯಂಕ ಹಾಕಿ ಶೇ. 20ರ ಲೆಕ್ಕ ಹಿಡಿಯಲೂ ಅವಕಾಶವಿದೆ. ಆಗ 40 ಲಕ್ಷದ ಬೆಲೆ 75.20 ಲಕ್ಷವಾಗಿ, ಒಬ್ಬೊಬ್ಬರ ತೆರಿಗೆ 1,48,000ಕ್ಕಿಳಿಯುತ್ತದೆ. ಸೆಸ್ ಬೇರೆ. ಈ ಸೌಲಭ್ಯ ಭಾರತದ ನಿವಾಸಿಗಳಿಗೆ ಮಾತ್ರ. ಹೀಗಾಗಿ ಒಬ್ಬರು ಹಡಪಸರದಲ್ಲಿ, ಇನ್ನೊಬ್ಬರು ಅಮೆರಿಕದಲ್ಲಿ ನೆಲೆಸಿದ್ದರೆ ಒಂದೇ ಮನೆಗೆ ಎರಡು ಬಗೆಯ ತೆರಿಗೆ!

ವಿನಾಯಿತಿಯ ಕಥೆಯೂ ಅದೇ. ಮಾರಾಟದ ನಂತರ ಎರಡು ವರ್ಷದೊಳಗೆ ಬೇರೆ ಮನೆ ಕೊಂಡವರಿಗೆ, ಅದಕ್ಕೆ ತೊಡಗಿಸಿದ ಲಾಭದ ಮಟ್ಟಿಗೆ ತೆರಿಗೆಯಿಲ್ಲ. ಆದರೆ ಮಾಜಿ ಗಂಡ ಕೊಂಡ ಮನೆಯಿಂದ, ಮಕ್ಕಳೊಡನೆ ಬಾಡಿಗೆ ಮನೆಗೆ ಹೋದ ಹೆಂಡತಿಯ ತೆರಿಗೆ ಒಂದು ರೂಪಾಯಿಯೂ ಇಳಿಯದು. ಸಮನಾಗಿ ಹಂಚಿದ ಹಣವೂ ಕೈಸೇರುವಾಗ ಸಮನಾಗಿರುವುದಿಲ್ಲ.

50 ಲಕ್ಷ ಹಾಗೂ ಮೇಲ್ಪಟ್ಟ ಮಾರಾಟದಲ್ಲಿ, ಮಾರುವವರು ಇಲ್ಲಿನ ನಿವಾಸಿಗಳಾಗಿದ್ದರೆ, ಖರೀದಿದಾರ ಶೇ. 1ರಷ್ಟು ಟಿಡಿಎಸ್ ಮುರಿದುಕೊಳ್ಳಬೇಕು. 1 ಅಕ್ಟೋಬರ್ 2024ರಿಂದ ಈ ಮಿತಿಗೆ ಎಲ್ಲರ ಪಾಲು ಕೂಡಿಸಿಯೇ ಲೆಕ್ಕ. ಮೇಲಿನ ಉದಾಹರಣೆಯಲ್ಲಿ ಇಬ್ಬರ ಪ್ಯಾನ್‌ಗೂ 45,000 ರೂ. ಜಮೆಯಾಗಬೇಕು. ಇಡೀ 90,000 ಒಬ್ಬರ ಪ್ಯಾನ್‌ಗೇ ಹೋದರೆ, ಮಾತು ಬಿಟ್ಟವರು ಮತ್ತೆ ಪರಸ್ಪರ ಕಾಗದಪತ್ರ ಕೇಳುವ ಪಡಿಪಾಟಲು.

ಆದ್ದರಿಂದ ಒಪ್ಪಂದಕ್ಕೆ ಸಹಿ ಹಾಕುವ ಮೊದಲೇ ಯಾರ ಪಾಲೆಷ್ಟು, ತೆರಿಗೆ ಕಳೆದ ಮೇಲೆ ಹಂಚಿಕೆಯೋ ಮೊದಲೋ, ಯಾರ ಪ್ಯಾನ್‌ಗೆ ಎಷ್ಟು ಟಿಡಿಎಸ್ ಎಂಬುದನ್ನು ಬರೆದಿಡಬೇಕು. ಖರೀದಿ ಕರಾರು, ಸಾಲದ ಕಂತಿನ ಬ್ಯಾಂಕ್ ದಾಖಲೆಗಳ ಪ್ರತಿ ಇಬ್ಬರಲ್ಲೂ ಇರಬೇಕು. ಎಲ್ಲ ವ್ಯವಹಾರವನ್ನೂ ಗಂಡನಿಗೇ ಬಿಟ್ಟ ಸಹೋದರಿಯರಂತೂ ಇದನ್ನು ಮರೆಯಬಾರದು.

ಇಲ್ಲಿ ಸಂಘ-ಸಂಸ್ಥೆಗಳ ಹೊಣೆಯೂ ಇದೆ. ವಧೂ-ವರರ ಸಮಾವೇಶ ನಡೆಸುವುದು ಸ್ತುತ್ಯರ್ಹವೇ. ಸಂಸಾರದ ಜಗಳದಲ್ಲಿ ಸಂಘಕ್ಕೇನು ಕೆಲಸ ಎನ್ನುವವರೂ ಇದ್ದಾರೆ. ಜಗಳ ಬಿಡಿಸಿರೆಂದು ಯಾರೂ ಕೇಳುತ್ತಿಲ್ಲ. ಸಮಾಜದಲ್ಲಿ ವಕೀಲರಿಗೆ, ಲೆಕ್ಕಪರಿಶೋಧಕರಿಗೆ ಕೊರತೆಯಿಲ್ಲ. ವರ್ಷಕ್ಕೊಂದು ದಿನ ಅವರನ್ನು ಕೂರಿಸಿ, ಹೆಸರು ಹೊರಬೀಳದಂತೆ ಉಚಿತ ಸಲಹೆ ಕೊಡಿಸಿದರೆ ಸಾಕು. ಮದುವೆಗೆ ಮುಂದೆ ನಿಲ್ಲುವ ಸಮಾಜ, ಮದುವೆ ಮುರಿದವರ ಮನೆ ಲೆಕ್ಕಕ್ಕೂ ಒಂದು ದಿನ ಕೊಡಲಿ.