ಫಿಲ್ಟರ್ ಆಮೇಲೆ, ನೀರಿನ ಪರೀಕ್ಷೆ ಮೊದಲು

ಇತ್ತೀಚೆಗೆ ಶಿಡ್ಲಘಟ್ಟದ ಕಡೆಯಿಂದ ಒಬ್ಬ ತಾಯಿ ತಮ್ಮ ಒಂಬತ್ತು ವರ್ಷದ ಮಗಳನ್ನು ನನ್ನ ದವಾಖಾನೆಗೆ ಕರೆತಂದರು. ಮಗುವಿನ ಮುಂದಿನ ಹಲ್ಲುಗಳ ಮೇಲೆ ಹಳದಿ, ಕಂದು ಗೆರೆಗಳು. "ಹಕೀಂ ಸಾಬ್, ದಿನಕ್ಕೆ ಎರಡು ಸಲ ಉಜ್ಜಿಸುತ್ತೇನೆ, ಮಿಸ್ವಾಕ್ ಕೂಡ ಮಾಡಿಸಿದೆ. ಕಲೆ ಹೋಗುತ್ತಲೇ ಇಲ್ಲ. ಒಳ್ಳೆಯ ಮಂಜನ್ ಇದ್ದರೆ ಕೊಡಿ" ಎಂದರು. ನಾನು ಮಂಜನ್ ಕೊಡುವ ಬದಲು, ಮನೆಯಲ್ಲಿ ಯಾವ ನೀರು ಕುಡಿಯುತ್ತೀರಿ ಎಂದು ಕೇಳಿದೆ. "ಫಿಲ್ಟರ್ ನೀರೇ. ಇವಳು ಹುಟ್ಟಿದ ವರ್ಷವೇ ಸಾಲ ಮಾಡಿ ತಂದೆವು" ಎಂದು ಫೋನಿನಲ್ಲಿ ಅದರ ಫೋಟೋ ತೋರಿಸಿದರು. ಅದು ಯುವಿ ಫಿಲ್ಟರ್. ರೋಗಾಣುಗಳನ್ನು ಚೆನ್ನಾಗಿ ಕೊಲ್ಲುತ್ತದೆ. ಆದರೆ ಆ ಮಗುವಿನ ಹಲ್ಲಿಗೆ ಕಲೆ ತಂದದ್ದು ರೋಗಾಣುವಲ್ಲ, ಫ್ಲೋರೈಡ್. ಅದನ್ನು ಯುವಿ ಬೆಳಕು ಮುಟ್ಟುವುದೂ ಇಲ್ಲ.

ಆ ತಾಯಿ ಅಜಾಗ್ರತೆ ಮಾಡಲಿಲ್ಲ. ಮಗುವಿಗಾಗಿ ಸಾಲ ಮಾಡಿದರು. ಅವರು ಕೊಂಡದ್ದು ತಪ್ಪು ಫಿಲ್ಟರ್, ಅಷ್ಟೆ. ಈ ತಪ್ಪು ನಮ್ಮ ಜಿಲ್ಲೆಯ ಬಹಳಷ್ಟು ಮನೆಗಳಲ್ಲಿ ನಡೆಯುತ್ತಿದೆ ಎಂಬುದೇ ಈ ಲೇಖನ ಬರೆಯಲು ಕಾರಣ.

ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಕೆರೆಗಳು ಬತ್ತಿದ ಮೇಲೆ ನಾವು ನೆಲವನ್ನು ಕೊರೆಯುತ್ತಾ ಹೋದೆವು. ಇಂದು ಸಾವಿರ ಅಡಿ ದಾಟಿದ ಕೊಳವೆಬಾವಿ ಇಲ್ಲಿ ವಿಶೇಷವಲ್ಲ. ಗ್ರಾನೈಟ್ ಬಂಡೆಗಳ ಸಂದಿಯಲ್ಲಿ ಬಹಳ ಕಾಲ ನಿಂತ ನೀರು ಕಲ್ಲಿನಲ್ಲಿರುವ ಫ್ಲೋರೈಡನ್ನು ಕರಗಿಸಿಕೊಳ್ಳುತ್ತದೆ. ಕುಡಿಯುವ ನೀರಿನ ಭಾರತೀಯ ಮಾನದಂಡದ ಪ್ರಕಾರ ಒಂದು ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರು ಸಿಗದಿದ್ದಾಗ ಹೆಚ್ಚೆಂದರೆ 1.5. ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳ ಹಲವು ಕೊಳವೆಬಾವಿಗಳಲ್ಲಿ ಈ ಮಿತಿ ಮೀರಿದೆ.

ಈ ಕಾಯಿಲೆ ಹೊಸದೇನಲ್ಲ. ನಂದಿ ಬೆಟ್ಟಗಳ ಸಾಲಿನಲ್ಲಿ ಹುಟ್ಟಿ ಗೌರಿಬಿದನೂರಿನ ಮೂಲಕ ಆಂಧ್ರಕ್ಕೆ ಹೋಗುವ ಉತ್ತರ ಪಿನಾಕಿನಿ ಸಮುದ್ರ ಸೇರುವುದು ನೆಲ್ಲೂರು ಜಿಲ್ಲೆಯಲ್ಲಿ. ಮನುಷ್ಯರ ಮೂಳೆಗಳನ್ನು ಬಿಗಿಯುವ ಫ್ಲೋರೋಸಿಸ್ ಭಾರತದಲ್ಲಿ ಮೊದಲು ವರದಿಯಾದದ್ದು 1937ರಲ್ಲಿ, ಅದೇ ನೆಲ್ಲೂರಿನಿಂದ. ಆಗಿನ ವೈದ್ಯರು ಕಂಡ ಬಾಗದ ಬೆನ್ನು, ಮಡಚಲಾಗದ ಮೊಣಕಾಲುಗಳನ್ನು ನಾವು ಇಂದೂ ಕಾಣುತ್ತಿದ್ದೇವೆ.

ಇಲ್ಲಿ ನನ್ನದೊಂದು ತಪ್ಪನ್ನೂ ಒಪ್ಪಿಕೊಳ್ಳಬೇಕು. ವೃತ್ತಿ ಆರಂಭಿಸಿದ ವರ್ಷಗಳಲ್ಲಿ ಸೊಂಟ, ಕುತ್ತಿಗೆ ಹಿಡಿದಿದೆ ಎಂದು ಬಂದವರಿಗೆಲ್ಲ ಕೀಲುನೋವೆಂದು ತಿಳಿದು ಮಾಜೂನ್ ಸೂರಂಜಾನ್ ಕೊಟ್ಟು ಕಳಿಸುತ್ತಿದ್ದೆ. ಕುಡಿಯುವ ನೀರಿನ ಬಗ್ಗೆ ಕೇಳುತ್ತಿರಲಿಲ್ಲ. ಮೂಳೆ ಸೇರಿದ ಫ್ಲೋರೈಡನ್ನು ತೆಗೆಯುವ ಮಾಜೂನ್ ಆಗಲಿ, ಸಫೂಫ್ ಆಗಲಿ, ಅಲೋಪತಿ ಮಾತ್ರೆಯಾಗಲಿ ಇಲ್ಲ. ಹಲ್ಲಿನ ಕಲೆಯನ್ನು ದಂತವೈದ್ಯರು ಮುಚ್ಚಬಲ್ಲರು, ಮೊದಲಿನ ಹಲ್ಲನ್ನು ಮರಳಿ ತರಲಾರರು. ಶಾಶ್ವತ ಹಲ್ಲುಗಳು ವಸಡಿನೊಳಗೆ ರೂಪುಗೊಳ್ಳುವುದು ಹುಟ್ಟಿನಿಂದ ಸುಮಾರು ಎಂಟು ವರ್ಷದವರೆಗೆ. ಕಾಪಾಡಬೇಕಾದರೆ ಆಗಲೇ ಕಾಪಾಡಬೇಕು.

ಹಾಗಾದರೆ ಯಾವ ಫಿಲ್ಟರ್ ಕೊಳ್ಳಬೇಕು? ಒಂದೊಂದಾಗಿ ನೋಡೋಣ.

ಕ್ಯಾಂಡಲ್ ಫಿಲ್ಟರ್ ಮಣ್ಣು, ಕೆಸರು ಮತ್ತು ಒಂದಿಷ್ಟು ರೋಗಾಣುಗಳನ್ನು ತಡೆಯುತ್ತದೆ. ಯುಎಫ್ ಇನ್ನೂ ಸೂಕ್ಷ್ಮವಾಗಿ ಸೋಸುತ್ತದೆ. ಯುವಿ ರೋಗಾಣುಗಳನ್ನು ನಿಷ್ಕ್ರಿಯಗೊಳಿಸುತ್ತದೆ. ಈ ಮೂರರಲ್ಲಿ ಯಾವುದೂ ಕರಗಿದ ಫ್ಲೋರೈಡನ್ನು ತೆಗೆಯುವುದಿಲ್ಲ. ಕುದಿಸಿದರೂ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಸ್ವಲ್ಪ ಹೆಚ್ಚುತ್ತದೆ.

ಫ್ಲೋರೈಡ್ ತೆಗೆಯಲು ಮನೆಮಟ್ಟದಲ್ಲಿ ಎರಡು ದಾರಿಗಳಿವೆ. ಒಂದು ಆಕ್ಟಿವೇಟೆಡ್ ಅಲ್ಯೂಮಿನಾ ಫಿಲ್ಟರ್. ಇದರಲ್ಲಿ ನೀರು ವ್ಯರ್ಥವಾಗುವುದಿಲ್ಲ, ಕರೆಂಟೂ ಬೇಡ. ಆದರೆ ಅದರ ಕಾಳುಗಳು ಫ್ಲೋರೈಡ್ ಹೀರಿ ತುಂಬಿಕೊಂಡಾಗ ಶುದ್ಧಗೊಳಿಸಬೇಕು ಅಥವಾ ಬದಲಿಸಬೇಕು. ಮರೆತರೆ ಅದು ಬರೀ ಡಬ್ಬಿ. ಇನ್ನೊಂದು ಆರ್‌ಒ. ಒಳ್ಳೆಯ ಸ್ಥಿತಿಯಲ್ಲಿರುವ ಆರ್‌ಒ ಪೊರೆ ಫ್ಲೋರೈಡಿನ ಬಹುಪಾಲನ್ನು ತಡೆಯುತ್ತದೆ. ಆದರೆ ಒಂದು ಲೀಟರ್ ಶುದ್ಧ ನೀರಿಗೆ ಸಾಮಾನ್ಯವಾಗಿ ಎರಡು ಮೂರು ಲೀಟರ್ ಹೊರಗೆ ಹೋಗುತ್ತದೆ. ಹರಿಯುವ ನದಿಯ ದಡದಲ್ಲಿ ವುಝೂ ಮಾಡುವಾಗಲೂ ನೀರು ಪೋಲು ಮಾಡಬಾರದೆಂದು ಕಲಿತ ಸಮುದಾಯ ನಮ್ಮದು. ಆ ನೀರನ್ನು ಬಕೆಟ್ಟಿಗೆ ಹಿಡಿದು ನೆಲ ಒರೆಸಲು, ಶೌಚಾಲಯಕ್ಕೆ ಬಳಸಿ.

ಆರ್‌ಒ ಇರುವವರೂ ಮೂರು ಕಡೆ ಎಡವುತ್ತಾರೆ. ಮೊದಲನೆಯದು, ಕುಡಿಯಲು ಮಾತ್ರ ಆ ನೀರು, ಅನ್ನ, ಬೇಳೆ, ಚಹಾಕ್ಕೆ ಬೋರ್ ನೀರು. ಅಡುಗೆಯಲ್ಲಿ ಸೇರುವ ಫ್ಲೋರೈಡೂ ಹೊಟ್ಟೆಗೇ ಹೋಗುತ್ತದೆ. ಎರಡನೆಯದು, ನೀರು ಸಪ್ಪೆ ಎಂದಾಗ ಮೆಕ್ಯಾನಿಕ್ ಟಿಡಿಎಸ್ ಕಂಟ್ರೋಲರ್ ತಿರುಗಿಸಿ ಆರ್‌ಒ ಆಗದ ನೀರನ್ನು ಬೆರೆಸುತ್ತಾನೆ. ರುಚಿಯ ಜೊತೆಗೆ ಫ್ಲೋರೈಡೂ ಮರಳಿ ಬರುತ್ತದೆ. ಮೂರನೆಯದು, ಪೊರೆ ಹಳತಾದರೂ ಬದಲಿಸುವುದಿಲ್ಲ. ಐದು ರೂಪಾಯಿ ನಾಣ್ಯ ಹಾಕಿ ಕ್ಯಾನ್ ತುಂಬಿಸುವ ಶುದ್ಧ ನೀರಿನ ಘಟಕಕ್ಕೂ ಇದೇ ಮಾತು ಅನ್ವಯಿಸುತ್ತದೆ.

ಅಂಗಡಿಯವರು ಟಿಡಿಎಸ್ ಮೀಟರ್ ಅದ್ದಿ ತೋರಿಸುವ ಸಂಖ್ಯೆಯನ್ನು ನಂಬಿ ತೀರ್ಮಾನಿಸಬೇಡಿ. ನೀರಿನಲ್ಲಿ ಕರಗಿರುವುದೆಲ್ಲವನ್ನೂ ಸೇರಿಸಿ ಅಂದಾಜಿಸುವ ಮೀಟರ್ ಅದು. ನಮ್ಮ ಇಬ್ನ್ ಸೀನಾ ಸಾವಿರ ವರ್ಷದ ಹಿಂದೆಯೇ 'ಅಲ್ ಕಾನೂನ್'ನಲ್ಲಿ ಇಂಥದೊಂದು ಪರೀಕ್ಷೆ ಬರೆದಿದ್ದಾರೆ. ಒಂದೇ ತೂಕದ ಎರಡು ಬಟ್ಟೆ ತುಂಡುಗಳನ್ನು ಎರಡು ನೀರಿನಲ್ಲಿ ಅದ್ದಿ, ಚೆನ್ನಾಗಿ ಒಣಗಿಸಿ ತೂಗಬೇಕು. ಯಾವುದು ಹಗುರವೋ ಆ ನೀರು ಉತ್ತಮ. ಅದ್ಭುತ ಬುದ್ಧಿ. ಆದರೆ ಬಟ್ಟೆಯಾಗಲಿ, ಮೀಟರಾಗಲಿ ಫ್ಲೋರೈಡ್ ಎಷ್ಟಿದೆಯೆಂದು ಹೇಳಲಾರದು. ಟಿಡಿಎಸ್ ಕಡಿಮೆಯಿದ್ದೂ ಫ್ಲೋರೈಡ್ ಹೆಚ್ಚಿರಬಹುದು.

ಆದ್ದರಿಂದ ಮೊದಲು ಪರೀಕ್ಷೆ. ಕೊಳವೆಬಾವಿಯ ಮೋಟಾರನ್ನು ಕೆಲವು ನಿಮಿಷ ಓಡಿಸಿ, ಶುಭ್ರವಾದ ಪ್ಲಾಸ್ಟಿಕ್ ಬಾಟಲಿಯಲ್ಲಿ ಒಂದು ಲೀಟರ್ ಹಿಡಿಯಿರಿ. ಗಾಜಿನ ಬಾಟಲಿ ಬೇಡ. ಗ್ರಾಮೀಣ ಕುಡಿಯುವ ನೀರು ಇಲಾಖೆಯ ಪ್ರಯೋಗಾಲಯದಲ್ಲಿ ಕಡಿಮೆ ಶುಲ್ಕಕ್ಕೆ ಪರೀಕ್ಷೆ ಮಾಡಿಸಬಹುದು. ಫ್ಲೋರೈಡ್, ನೈಟ್ರೇಟ್, ಗಡಸುತನ, ರೋಗಾಣು ಎಲ್ಲಕ್ಕೂ ವರದಿ ಕೇಳಿ. ಫ್ಲೋರೈಡ್ ಮಿತಿಯೊಳಗಿದ್ದು ರೋಗಾಣು ಮಾತ್ರ ಇದ್ದರೆ ಯುವಿ ಸಾಕು, ಆರ್‌ಒಗೆ ದುಡ್ಡು ಸುರಿಯಬೇಡಿ. ಫ್ಲೋರೈಡ್ ಹೆಚ್ಚಿದ್ದರೆ ಆರ್‌ಒ ಅಥವಾ ಅಲ್ಯೂಮಿನಾ. ಫಿಲ್ಟರ್ ಹಾಕಿಸಿದ ಮೇಲೆ ಅದರಿಂದ ಬರುವ ನೀರನ್ನೂ ಪರೀಕ್ಷಿಸಿ, ವರ್ಷಕ್ಕೊಮ್ಮೆ ಬೇಸಿಗೆಯಲ್ಲಿ ಮತ್ತೆ ಮಾಡಿಸಿ. ಸ್ನಾನಕ್ಕೆ, ವುಝೂವಿಗೆ ಈ ಚಿಂತೆ ಬೇಡ. ಚರ್ಮದ ಮೂಲಕ ಫ್ಲೋರೈಡ್ ದೇಹಕ್ಕೆ ಸೇರುವುದಿಲ್ಲ.

ಫಿಲ್ಟರಿಗಿಂತ ಅಗ್ಗದ ದಾರಿಯೂ ಇದೆ. ಮಳೆನೀರಿನಲ್ಲಿ ನೆಲದ ಫ್ಲೋರೈಡ್ ಇರುವುದಿಲ್ಲ. ನಮ್ಮಲ್ಲಿ ವರ್ಷಕ್ಕೆ ಸುಮಾರು 700 ಮಿ.ಮೀ. ಮಳೆ ಎಂದುಕೊಂಡರೂ 20x30 ಅಡಿಯ ತಾರಸಿಯಿಂದ 30,000 ಲೀಟರ್ ಹಿಡಿಯಬಹುದು. ಐದು ಜನರ ಕುಡಿಯುವ ಮತ್ತು ಅಡುಗೆಯ ನೀರಿಗೆ ದಿನಕ್ಕೆ 25 ಲೀಟರ್ ಸಾಕು, ವರ್ಷಕ್ಕೆ ಸುಮಾರು 9,000. ಮಳೆಯಿಲ್ಲದ ಐದು ತಿಂಗಳನ್ನು 5,000 ಲೀಟರಿನ ಸಂಪು ದಾಟಿಸುತ್ತದೆ. ಮೊದಲ ಮಳೆಯನ್ನು ಹೊರಬಿಟ್ಟು, ಮರಳು ಜಲ್ಲಿಯ ಫಿಲ್ಟರ್ ಮೂಲಕ ಇಳಿಸಿ, ಸೊಳ್ಳೆ ನುಸುಳದಂತೆ ಮುಚ್ಚಿ, ಕುದಿಸಿ ಕುಡಿಯಿರಿ.

ಜೊತೆಗೆ ಮಕ್ಕಳಿಗೆ ಹಾಲು, ರಾಗಿ, ನುಗ್ಗೆಸೊಪ್ಪು, ನೆಲ್ಲಿಕಾಯಿ ಕೊಡಿ. ಕ್ಯಾಲ್ಸಿಯಂ ಸಾಕಷ್ಟಿದ್ದರೆ ಫ್ಲೋರೈಡ್ ಹೀರಿಕೆ ಕಡಿಮೆ. ಕಡು ಚಹಾ ಮತ್ತು ಕಾಲಾ ನಮಕ್‌ನಲ್ಲಿ ಫ್ಲೋರೈಡ್ ಇರುತ್ತದೆ. ನಮ್ಮ ಯುನಾನಿ ಚೂರ್ಣಗಳಲ್ಲೂ ಕಾಲಾ ನಮಕ್ ಬಳಸುತ್ತೇವೆ. ಇಂಥ ಊರುಗಳ ರೋಗಿಗಳಿಗೆ ನಾನು ಅದನ್ನು ಬರೆಯುವುದನ್ನು ನಿಲ್ಲಿಸಿದ್ದೇನೆ.

ಕೊನೆಯದಾಗಿ ಮಸ್ಜಿದ್ ಕಮಿಟಿಗಳಿಗೆ ಒಂದು ಮನವಿ. ಮೊಹಲ್ಲಾದ ಪ್ರತಿ ಕೊಳವೆಬಾವಿಯ ನೀರನ್ನು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿ, ವರದಿಯನ್ನು ನಮಾಝ್ ವೇಳಾಪಟ್ಟಿಯ ಪಕ್ಕದಲ್ಲೇ ಅಂಟಿಸಿ. ಅದಕ್ಕೆ ದೊಡ್ಡ ಚಂದಾ ಬೇಕಿಲ್ಲ. ಶಿಡ್ಲಘಟ್ಟದ ನಮ್ಮ ರೀಲರ್‌ಗಳು ಗಡಸು ನೀರಿನಲ್ಲಿ ರೇಷ್ಮೆಯ ಹೊಳಪು ಕೆಡುತ್ತದೆಂದು ಬಲ್ಲರು, ನೂಲಿಗಾಗಿ ನೀರು ನೋಡುತ್ತಾರೆ. ಮಕ್ಕಳಿಗಾಗಿಯೂ ನೋಡಬೇಕು. ಆ ತಾಯಿಗೆ ಮನೆಯಲ್ಲಿ ಎರಡು ವರ್ಷದ ಇನ್ನೊಬ್ಬ ಮಗನಿದ್ದಾನೆ. ಅವನ ಹಲ್ಲುಗಳಿಗೆ ಇನ್ನೂ ಸಮಯವಿದೆ. ಅವರು ಮಂಜನ್ ಇಲ್ಲದೆ ಹೋದರು, ವಾರ ಕಳೆದು ಒಂದು ಬಾಟಲಿ ನೀರಿನೊಂದಿಗೆ ಬಂದು ಪ್ರಯೋಗಾಲಯದ ವಿಳಾಸ ಕೇಳಿದರು.