ಹಸಿರು ಗುರುತು ವ್ರತವಾದೀತೇ?

ಶ್ರಾವಕಧರ್ಮವೆಂಬ ಸೌಧದ ಅಡಿಗಲ್ಲುಗಳು ಅಷ್ಟಮೂಲಗುಣಗಳು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಮದ್ಯ, ಮಾಂಸ, ಮಧು ಈ ಮೂರರ ತ್ಯಾಗವನ್ನು ಪಂಚಾಣುವ್ರತಗಳೊಡನೆ ಸೇರಿಸಿ ಗೃಹಸ್ಥನ ಮೂಲಗುಣಗಳೆಂದು ನಿರೂಪಿಸಿದ್ದಾರೆ. ಪಾಠಶಾಲೆಯ ಬಾಲಕರೂ ಬಲ್ಲ ಈ ವಿಷಯವನ್ನು ಇಂದು ದೊಡ್ಡವರಿಗೆ ನೆನಪಿಸಬೇಕಾಗಿ ಬಂದಿರುವುದು ವಿಷಾದದ ಸಂಗತಿ. ಮಹಾನಗರಗಳಲ್ಲಿ ನೆಲೆಸಿರುವ ನಮ್ಮ ಕೆಲವು ವಿದ್ಯಾವಂತ ಕುಟುಂಬಗಳಲ್ಲಿ ‘ಚೀಸ್ ಮತ್ತು ವೈನ್’ ಸಂಜೆಗಳು ಸಭ್ಯತೆಯ ಲಕ್ಷಣವಾಗಿ ಕಾಣತೊಡಗಿವೆ. ಯಾವ ಚೀಸಿಗೆ ಯಾವ ವೈನ್ ಒಪ್ಪುತ್ತದೆ ಎಂಬ ಜ್ಞಾನವನ್ನು ಕಲೆಯೆಂದು ಕೊಂಡಾಡಲಾಗುತ್ತಿದೆ. ಆಕ್ಷೇಪಿಸಿದವರಿಗೆ ಸಿಗುವ ಉತ್ತರವೂ ಸಿದ್ಧವಾಗಿದೆ: “ಚೀಸ್ ಎಂದರೆ ಹಾಲು, ವೈನ್ ಎಂದರೆ ದ್ರಾಕ್ಷಿ. ಎರಡೂ ಸಸ್ಯಾಹಾರವೇ ಅಲ್ಲವೇ? ಇದರಲ್ಲಿ ಹಿಂಸೆ ಎಲ್ಲಿದೆ?”

ಈ ಉತ್ತರವನ್ನು ಪರೀಕ್ಷಿಸದೆ ಬೈದು ಸುಮ್ಮನಾಗುವುದು ಸುಲಭ. ಆದರೆ ಬೈಗುಳದಿಂದ ಯಾರೂ ತಿದ್ದಿಕೊಂಡಿಲ್ಲ. ಆದ್ದರಿಂದ ಆ ತಟ್ಟೆಯಲ್ಲಿ ಏನಿದೆ, ಆ ಲೋಟದಲ್ಲಿ ಏನಿದೆ ಎಂಬುದನ್ನು ಮೊದಲು ನೋಡೋಣ.

ಈ ಜೋಡಣೆಯ ಕಲೆ ಯುರೋಪಿನದು. ಒಂದೇ ನಾಡಿನ ಹಸು, ಕುರಿ, ಮೇಕೆಗಳ ಹಾಲೂ ಅದೇ ನಾಡಿನ ದ್ರಾಕ್ಷಿಯೂ ಶತಮಾನಗಳ ಕಾಲ ಒಂದೇ ಊಟದ ಮೇಜಿನಲ್ಲಿ ಕೂಡಿದ್ದರಿಂದ ಅದು ಹುಟ್ಟಿತು. ಫ್ರಾನ್ಸಿನ ಜುರಾ ಪ್ರಾಂತದ ಕಾಂತೆ ಚೀಸಿಗೆ ಅಲ್ಲಿಯದೇ ಹಳದಿ ವೈನ್, ಅಲ್ಸಾಸಿನ ಮನ್ಸ್ಟರ್ ಚೀಸಿಗೆ ಗೆವುರ್ಟ್ಸ್‌ಟ್ರಾಮಿನರ್ ವೈನ್, ರಾಕ್‌ಫೋರ್ ಚೀಸಿಗೆ ಸೋಟರ್ನ್ ಎಂಬ ಸಿಹಿ ವೈನ್, ಇಂಗ್ಲೆಂಡಿನ ಸ್ಟಿಲ್ಟನ್ನಿಗೆ ಪೋರ್ಚುಗಲ್ಲಿನ ಪೋರ್ಟ್. ಇದರ ಹಿಂದೆ ರುಚಿಯ ತರ್ಕವೂ ಉಂಟು. ಉಪ್ಪು ಸಿಹಿಯನ್ನು ಎತ್ತಿ ತೋರಿಸುತ್ತದೆ, ಹುಳಿ ಜಿಡ್ಡನ್ನು ಕತ್ತರಿಸುತ್ತದೆ, ಜಿಡ್ಡು ಕೆಂಪು ವೈನಿನ ಒಗರನ್ನು ಮೆದುಗೊಳಿಸುತ್ತದೆ. ಅಲ್ಲಿನ ರೈತರ ಶ್ರಮವನ್ನಾಗಲಿ ನೈಪುಣ್ಯವನ್ನಾಗಲಿ ಹೀಗಳೆಯುವುದು ಈ ಲೇಖನದ ಉದ್ದೇಶವಲ್ಲ. ಅವರು ಅಷ್ಟಮೂಲಗುಣಗಳನ್ನು ಸ್ವೀಕರಿಸಿದವರಲ್ಲ, ನಾವು ಸ್ವೀಕರಿಸಿದವರು. ಪ್ರಶ್ನೆ ನಮ್ಮನ್ನು ಕುರಿತದ್ದು.

ಹಾಲು ಗಟ್ಟಿಯಾಗಿ ಚೀಸ್ ಆಗಲು ರೆನ್ನೆಟ್ ಎಂಬ ದ್ರವ್ಯ ಬೇಕು. ಪರಂಪರೆಯಿಂದ ಅದನ್ನು ಪಡೆಯುವುದು ಇನ್ನೂ ತಾಯಿಯ ಹಾಲನ್ನೇ ಕುಡಿಯುತ್ತಿರುವ, ವಧೆಗೊಂಡ ಎಳೆಗರುವಿನ ನಾಲ್ಕನೆಯ ಜಠರದಿಂದ. ಕರು ತಾಯಿಯ ಹಾಲನ್ನು ಜೀರ್ಣಿಸಿಕೊಳ್ಳಲೆಂದು ಪ್ರಕೃತಿ ಅದರ ಹೊಟ್ಟೆಯಲ್ಲಿಟ್ಟ ಕಿಣ್ವವನ್ನು ಮನುಷ್ಯನು ಅದರ ತಾಯಿಯ ಹಾಲಿಗೇ ಬೆರೆಸುತ್ತಾನೆ. ಇಟಲಿಯ ಪಾರ್ಮಿಜಾನೋ ರೆಜ್ಜಾನೋ ಚೀಸಿನ ಅಧಿಕೃತ ನಿಯಮಾವಳಿ ಕರುವಿನ ರೆನ್ನೆಟ್ಟನ್ನೇ ಬಳಸಬೇಕೆಂದು ವಿಧಿಸುತ್ತದೆ. ಬೇರೆ ದ್ರವ್ಯದಿಂದ ಮಾಡಿದರೆ ಆ ಹೆಸರೇ ಸಲ್ಲದು. ರಾಕ್‌ಫೋರಿಗೆ ಸಾಂಪ್ರದಾಯಿಕವಾಗಿ ಬಳಕೆಯಲ್ಲಿರುವುದು ಕುರಿಮರಿಯ ರೆನ್ನೆಟ್. ಹೀಗಿರುವಾಗ “ಚೀಸ್ ಎಂದರೆ ಬರಿಯ ಹಾಲು” ಎಂಬ ಮಾತು ಅಜ್ಞಾನದ್ದೋ, ಆತ್ಮವಂಚನೆಯದೋ?

“ಈಗ ಸೂಕ್ಷ್ಮಾಣುಜನ್ಯ ರೆನ್ನೆಟ್ ಬಂದಿದೆಯಲ್ಲ” ಎನ್ನುವವರಿದ್ದಾರೆ. ನಿಜ. ಶಿಲೀಂಧ್ರಗಳಿಂದ ಪಡೆದ ಕಿಣ್ವಗಳು ಬಳಕೆಯಲ್ಲಿವೆ. ಕರುವಿನ ವಂಶವಾಹಿಯನ್ನು ಸೂಕ್ಷ್ಮಾಣುವಿಗೆ ಸೇರಿಸಿ ತಯಾರಿಸುವ ಕಿಣ್ವಕ್ಕೆ ಅಮೆರಿಕದಲ್ಲಿ 1990ರಲ್ಲಿ ಅನುಮತಿ ದೊರೆಯಿತು. ಪೋರ್ಚುಗಲ್, ಸ್ಪೇನ್‌ಗಳ ಕೆಲವು ಕುರಿಹಾಲಿನ ಚೀಸುಗಳಲ್ಲಿ ಮುಳ್ಳುಗಿಡದ ಹೂವಿನ ಕೇಸರವನ್ನೇ ಹೆಪ್ಪಿಗೆ ಬಳಸುತ್ತಾರೆ. ಇವುಗಳಿಂದ ಕರುವಿನ ವಧೆಯೊಡನೆ ನೇರ ಸಂಬಂಧ ತಪ್ಪುತ್ತದೆ, ಅದು ಸ್ವಾಗತಾರ್ಹ. ಆದರೆ ಜೈನರಿಗೆ ವಿಷಯ ಅಲ್ಲಿಗೇ ಮುಗಿಯುವುದಿಲ್ಲ.

ನಮ್ಮ ಆಹಾರವಿಧಿಯಲ್ಲಿ ಪ್ರತಿಯೊಂದು ಪದಾರ್ಥಕ್ಕೂ ಕಾಲಮಿತಿಯುಂಟು. ಕರೆದ ಹಾಲನ್ನು ಅಂತರ್ಮುಹೂರ್ತದೊಳಗೆ, ಅಂದರೆ 48 ನಿಮಿಷಗಳೊಳಗೆ, ಸೋಸಿ ಕಾಯಿಸಬೇಕು. ಮೊಸರಿಗೆ ಒಂದು ಅಹೋರಾತ್ರಿಯ ಮಿತಿ. ಮಿತಿ ಮೀರಿ ಬಣ್ಣ, ವಾಸನೆ, ರುಚಿ ಕೆಟ್ಟ ಪದಾರ್ಥ ಚಲಿತರಸವೆನಿಸಿ ಅಭಕ್ಷ್ಯವಾಗುತ್ತದೆ. ಅದರಲ್ಲಿ ಜೀವೋತ್ಪತ್ತಿಯಾಗಿದೆ ಎಂಬುದೇ ಇದಕ್ಕೆ ಕಾರಣ. ಈಗ ಚೀಸಿನ ತಟ್ಟೆಯತ್ತ ನೋಡಿರಿ. ಪಾರ್ಮಿಜಾನೋ ಕನಿಷ್ಠ 12 ತಿಂಗಳು ಮಾಗಬೇಕು. ರಾಕ್‌ಫೋರಿನ ಹಿರಿಮೆಯೇ ಅದರ ಮೈಯೊಳಗೆ ಹಬ್ಬಿದ ನೀಲಿಹಸಿರು ಬೂಸ್ಟು. ಬರ್ಗಂಡಿಯ ಎಪ್ವಾಸ್ ಚೀಸಿನ ಹೊರಮೈಯನ್ನು ದ್ರಾಕ್ಷಿ ಹಿಂಡಿಯಿಂದ ಬಟ್ಟಿಯಿಳಿಸಿದ ಸಾರಾಯಿಯಿಂದಲೇ ಮತ್ತೆ ಮತ್ತೆ ತೊಳೆಯುತ್ತಾರೆ. ಉತ್ತರ ಫ್ರಾನ್ಸಿನ ಮಿಮೊಲೆತ್ ಚೀಸಿನ ಮೇಲ್ಮೈಯಲ್ಲಿ ನುಸಿಗಳನ್ನು ಬೇಕೆಂದೇ ಬೆಳೆಯಬಿಡುತ್ತಾರೆ. ಅವು ಕೊರೆದಷ್ಟೂ ಚೀಸಿನ ರುಚಿ ಹೆಚ್ಚುತ್ತದೆಯಂತೆ. ಅಮೆರಿಕದ ಆಹಾರ ಇಲಾಖೆ 2013ರಲ್ಲಿ ಈ ನುಸಿಗಳ ಕಾರಣದಿಂದಲೇ ಅದರ ಆಮದನ್ನು ತಡೆಹಿಡಿದಿತ್ತು. ಏಕೇಂದ್ರಿಯ ಜೀವಿಗಳ ಮಾತು ಹಾಗಿರಲಿ, ಇಲ್ಲಿ ಕಣ್ಣೆದುರಿಗೇ ತ್ರಸಜೀವಿಗಳಿವೆ. ಹಿಟ್ಟಿನಲ್ಲಿ ಒಂದು ಹುಳು ಕಂಡರೆ ಡಬ್ಬಿಯನ್ನೇ ದೂರ ಸರಿಸಿದ ಮನೆಯ ಮಕ್ಕಳು ನುಸಿ ಕೊರೆದ ಚೀಸನ್ನು ಅಭಿರುಚಿಯೆನ್ನುವುದು ಎಂತಹ ವಿಪರ್ಯಾಸ!

ಇನ್ನು ಲೋಟದ ವಿಚಾರ. ದ್ರಾಕ್ಷಿರಸದ ಸಕ್ಕರೆಯನ್ನು ಅಸಂಖ್ಯ ಯೀಸ್ಟ್ ಜೀವಿಗಳು ತಿಂದು ಮದ್ಯಸಾರವಾಗಿ ಮಾರ್ಪಡಿಸಿದಾಗ ವೈನ್ ಆಗುತ್ತದೆ. ಮದ್ಯವು ರಸದಲ್ಲಿ ಹುಟ್ಟುವ ಅನೇಕ ಜೀವಗಳ ಯೋನಿಸ್ಥಾನವೆಂದು ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಹೇಳಿರುವುದು ಸೂಕ್ಷ್ಮದರ್ಶಕ ಬರುವುದಕ್ಕೆ ಎಷ್ಟೋ ಶತಮಾನಗಳ ಮುನ್ನ. ಕಲಕಾದ ವೈನನ್ನು ತಿಳಿಗೊಳಿಸಲು ಮೊಟ್ಟೆಯ ಬಿಳಿಲೋಳೆ, ಪ್ರಾಣಿಗಳ ಚರ್ಮ ಮತ್ತು ಮೂಳೆಗಳಿಂದ ತೆಗೆದ ಜಿಲೆಟಿನ್, ಮೀನಿನ ಗಾಳಿಚೀಲದಿಂದ ಮಾಡಿದ ಅಂಟು ಮುಂತಾದವನ್ನು ಬಳಸುವ ಪದ್ಧತಿಯುಂಟು. ಜೇಡಿಮಣ್ಣಿನಿಂದ ತಿಳಿಗೊಳಿಸುವವರೂ ಇದ್ದಾರೆ. ಯುರೋಪಿನ ನಿಯಮದಂತೆ ಹೀಗೆ ಬಳಸಿದ ಮೀನಿನ ಅಂಟನ್ನು ಸೀಸೆಯ ಚೀಟಿಯ ಮೇಲೆ ನಮೂದಿಸಬೇಕಾಗಿಲ್ಲ. ಸೋಟರ್ನ್ ವೈನಿಗೆ ಬೇಕಾದ ದ್ರಾಕ್ಷಿಯಂತೂ ಬಳ್ಳಿಯಲ್ಲೇ ಬೂಸ್ಟು ಹಿಡಿದು ಮುದುಡಿರಬೇಕು. ಅದನ್ನು ಅವರು ‘ಉದಾತ್ತ ಕೊಳೆತ’ ಎಂದು ಕರೆಯುತ್ತಾರೆ. ರಾಕ್‌ಫೋರ್ ಮತ್ತು ಸೋಟರ್ನ್‌ಗಳ ಜಗತ್ಪ್ರಸಿದ್ಧ ಜೋಡಿಯೆಂದರೆ ಬೂಸ್ಟಿಗೂ ಬೂಸ್ಟಿಗೂ ನಡೆದ ವಿವಾಹ. ಚಲಿತರಸಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಕೇ?

ಆದರೂ ಮುಖ್ಯ ಮಾತು ಇನ್ನೂ ಉಳಿದಿದೆ. ಕರುವಿನ ಜಠರವಿಲ್ಲದ ಚೀಸ್, ಮೊಟ್ಟೆ ಮೀನು ಸೋಕದ ವೈನ್ ಎರಡೂ ದೊರೆತವೆನ್ನೋಣ. ಆಗ ಜೈನನು ಸೇವಿಸಬಹುದೇ? ಇಲ್ಲ. ಹಸಿರು ಗುರುತು ಸರ್ಕಾರದ್ದು, ವ್ರತ ನಮ್ಮದು. ಭಾರತದ ಆಹಾರ ಕಾನೂನಿನ ಮಾಂಸಾಹಾರದ ವ್ಯಾಖ್ಯೆಯಿಂದ ಹಾಲಿನ ಜೊತೆಗೆ ಜೇನುತುಪ್ಪವನ್ನೂ ಹೊರಗಿಡಲಾಗಿದೆ. ಆದ್ದರಿಂದ ಜೇನಿನ ಸೀಸೆಯ ಮೇಲೂ ಹಸಿರು ಗುರುತು ಇರುತ್ತದೆ. ಆ ಗುರುತನ್ನು ನಂಬಿ ಮಧುತ್ಯಾಗವನ್ನು ಕೈಬಿಡಲು ಒಪ್ಪುವಿರಾ? ಮಧುವಿಗೆ ಸಲ್ಲದ ವಾದ ಮದ್ಯಕ್ಕೆ ಹೇಗೆ ಸಲ್ಲುತ್ತದೆ? ಉಮಾಸ್ವಾಮಿಗಳು ಹಿಂಸೆಯನ್ನು ವ್ಯಾಖ್ಯಾನಿಸುವಾಗ ಪ್ರಾಣಹರಣಕ್ಕೆ ಪ್ರಮಾದದ ಯೋಗವನ್ನು ಮೂಲವಾಗಿ ಇಟ್ಟರು. ಮದ್ಯವೆಂದರೆ ಪ್ರಮಾದವನ್ನು ಲೋಟದಲ್ಲಿ ಸುರಿದುಕೊಂಡು ಕುಡಿಯುವುದೇ ಸರಿ. ಎಚ್ಚರವೇ ಅಹಿಂಸೆಯ ಉಸಿರಾಗಿರುವಾಗ, ಎಚ್ಚರವನ್ನು ಮಬ್ಬುಗೊಳಿಸುವ ಪಾನೀಯವು ಯಾವ ದ್ರವ್ಯದಿಂದ ಶುದ್ಧವಾದರೇನು?

“ಸ್ವಲ್ಪ ವೈನ್ ಹೃದಯಕ್ಕೆ ಒಳ್ಳೆಯದೆಂದು ವೈದ್ಯರೇ ಹೇಳುತ್ತಾರೆ” ಎಂಬುದು ಮತ್ತೊಂದು ಆಸರೆ. ಕೊಬ್ಬು ತಿಂದರೂ ಫ್ರೆಂಚರಿಗೆ ಹೃದ್ರೋಗ ಕಡಿಮೆ, ಇದಕ್ಕೆ ಕೆಂಪು ವೈನ್ ಕಾರಣವಿರಬಹುದು ಎಂಬ ಮಾತು 1991ರಲ್ಲಿ ಅಮೆರಿಕದ ದೂರದರ್ಶನ ಕಾರ್ಯಕ್ರಮವೊಂದರಿಂದ ಜನಜನಿತವಾಯಿತು. ಅದಕ್ಕೂ ಮೊದಲೇ, 1988ರಲ್ಲಿ, ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಮದ್ಯವನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ದ್ರವ್ಯಗಳ ಮೊದಲ ವರ್ಗಕ್ಕೆ ಸೇರಿಸಿತ್ತು. ಮದ್ಯದ ಯಾವ ಪ್ರಮಾಣವೂ ಸುರಕ್ಷಿತವಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಸ್ಪಷ್ಟಪಡಿಸಿದೆ. ವಿಜ್ಞಾನದ ಹೆಸರು ಹೇಳುವವರು ವಿಜ್ಞಾನದ ಪೂರ್ಣ ಮಾತನ್ನು ಕೇಳಲಿ.

ಇನ್ನು ಕೆಲವರು ಅನೇಕಾಂತವನ್ನೇ ಗುರಾಣಿಯಾಗಿ ಹಿಡಿಯುತ್ತಾರೆ. ಅನೇಕಾಂತವು ವಸ್ತುವನ್ನು ಅನೇಕ ದೃಷ್ಟಿಗಳಿಂದ ಪರೀಕ್ಷಿಸೆನ್ನುತ್ತದೆಯೇ ಹೊರತು ಸ್ವೀಕರಿಸಿದ ವ್ರತವನ್ನು ಅನುಕೂಲ ಕಂಡಾಗ ಸಡಿಲಿಸೆನ್ನುವುದಿಲ್ಲ. “ಹಾಲು ಕುಡಿಯುವ ನೀವು ರೆನ್ನೆಟ್ ಬಗ್ಗೆ ಮಾತನಾಡಬಹುದೇ? ಇಂದಿನ ಹೈನೋದ್ಯಮದ ಗಂಡುಕರುಗಳ ಗತಿಯೇನು?” ಎಂದು ಕೇಳುವ ಯುವಕರೂ ಇದ್ದಾರೆ. ಈ ಪ್ರಶ್ನೆ ನ್ಯಾಯವಾದದ್ದು. ಅದಕ್ಕೆ ನಾವು ಉತ್ತರ ಕೊಡಲೇಬೇಕಾಗಿದೆ. ಆದರೆ ಅದು ಹಿಂಸೆಯನ್ನು ಇನ್ನಷ್ಟು ಕಡಿಮೆ ಮಾಡಲು ದಾರಿಯಾಗಬೇಕೇ ಹೊರತು ಹೆಚ್ಚಿಸಲು ನೆಪವಾಗಬಾರದು.

ಇಷ್ಟು ಹೇಳಿ ದೋಷವನ್ನೆಲ್ಲ ಯುವಜನರ ತಲೆಗೆ ಕಟ್ಟುವುದು ಅನ್ಯಾಯ. ಈರುಳ್ಳಿ ಬೆಳ್ಳುಳ್ಳಿ ಇಲ್ಲವೆಂದು ‘ಜೈನ್ ಪಿಜ್ಜಾ’ವನ್ನು ಮದುವೆಯ ಊಟದಲ್ಲಿ ಬಡಿಸುವ ಹಿರಿಯರು ಅದರ ಮೇಲಿನ ಚೀಸಿನ ಮೂಲವನ್ನು ವಿಚಾರಿಸುತ್ತಾರೆಯೇ? ಬಾಡಿಗೆ ಬರಲೆಂದು ಸಮುದಾಯ ಭವನವನ್ನು ಷರತ್ತಿಲ್ಲದೆ ಕೊಡುವ ಆಡಳಿತ ಮಂಡಳಿಗಳು ಆ ರಾತ್ರಿ ಅಲ್ಲಿ ಏನು ಬಡಿಸಲಾಯಿತೆಂದು ಕೇಳುತ್ತವೆಯೇ? ಕರ್ನಾಟಕ ಸರ್ಕಾರ 2007ರಲ್ಲಿ ವೈನ್ ನೀತಿಯನ್ನು ಜಾರಿಗೆ ತಂದ ಮೇಲೆ ನಮ್ಮ ನಾಡಿನಲ್ಲೇ ವೈನ್ ತಯಾರಿಕೆಗೆ ಉತ್ತೇಜನ ದೊರೆತಿದೆ. ಬೆಳಗಾವಿ, ವಿಜಯಪುರಗಳ ಕಡೆ ದ್ರಾಕ್ಷಿ ಬೆಳೆಯುವ ನಮ್ಮ ರೈತ ಬಂಧುಗಳಿಗೆ ದ್ರಾಕ್ಷಿ ದೋಷವಲ್ಲ. ಹಣ್ಣಾಗಿ, ಒಣದ್ರಾಕ್ಷಿಯಾಗಿ ಅದು ಮಾನ್ಯವಾದದ್ದೇ. ಆದರೆ ಮದ್ಯದ ವ್ಯಾಪಾರವನ್ನು ರಸವಾಣಿಜ್ಯವೆಂದು ಗೃಹಸ್ಥನಿಗೆ ನಿಷೇಧಿಸಿರುವಾಗ, ಅದರ ಲಾಭದ ಹಣ ಬಸದಿಯ ಜೀರ್ಣೋದ್ಧಾರದ ಫಲಕದಲ್ಲಿ ಹೆಸರಾಗಿ ನಿಲ್ಲುವುದು ಸರಿಯೇ? ಈ ಪ್ರಶ್ನೆಯನ್ನು ಟ್ರಸ್ಟುಗಳು ತಮ್ಮ ಸಭೆಗಳಲ್ಲಿ ನೇರವಾಗಿ ಎತ್ತಿಕೊಳ್ಳಬೇಕು.

ಮಾಡಬೇಕಾದ ಕೆಲಸ ಕಷ್ಟದ್ದೇನಲ್ಲ. ಭವನಗಳ ಬಾಡಿಗೆ ಪತ್ರದಲ್ಲಿ ಮದ್ಯ ಮಾಂಸಗಳ ನಿಷೇಧವನ್ನು ಸ್ಪಷ್ಟವಾಗಿ ಬರೆಯಿಸಿ ಪಾಲಿಸಿರಿ. ಚೀಸ್ ಬಳಸುವ ಅಡುಗೆ ಗುತ್ತಿಗೆದಾರರಿಂದ ಅದರ ಕಿಣ್ವದ ಮೂಲವನ್ನು ಬರೆದುಕೊಡುವಂತೆ ಕೇಳಿರಿ. ಉತ್ತರ ಬಾರದಿದ್ದರೆ ಆ ಪದಾರ್ಥವನ್ನು ಬಿಡಿರಿ. ಪಾಠಶಾಲೆಯಲ್ಲಿ ಅಭಕ್ಷ್ಯಗಳ ಪಟ್ಟಿಯನ್ನು ಕಂಠಪಾಠ ಮಾಡಿಸಿದರಷ್ಟೇ ಸಾಲದು. ರೆನ್ನೆಟ್, ಜಿಲೆಟಿನ್, ಮೀನಿನ ಅಂಟು ಎಂದರೇನೆಂದು ಮಕ್ಕಳಿಗೆ ತಿಳಿಸಿರಿ. ಕಚೇರಿಯ ಔತಣದಲ್ಲಿ ಒಬ್ಬಂಟಿಯಾಗಿ ನಿಂತು ಹಣ್ಣಿನ ರಸದ ಲೋಟ ಹಿಡಿಯುವ ತರುಣ ತರುಣಿಯರಿಗೆ ಅಲ್ಲಿ ನೆರವಾಗುವುದು ಕಾರಣ ಬಲ್ಲ ನಂಬಿಕೆ, ಬೈಗುಳದ ಭಯವಲ್ಲ. ಅವರು ಇತರರನ್ನು ತುಚ್ಛವಾಗಿ ಕಾಣಬೇಕಾಗಿಯೂ ಇಲ್ಲ. “ನಾನು ಸೇವಿಸುವುದಿಲ್ಲ” ಎಂಬ ಎರಡು ಪದ ಸಾಕು.

ಯಾವ ಚೀಸಿಗೆ ಯಾವ ವೈನ್ ಹೊಂದುತ್ತದೆ ಎಂಬ ಪ್ರಶ್ನೆಗೆ ಯುರೋಪು ಸಾವಿರ ಉತ್ತರ ಕೊಟ್ಟಿದೆ. ಅವೆರಡರಲ್ಲಿ ಯಾವುದು ನಮ್ಮ ಮೂಲಗುಣಗಳಿಗೆ ಹೊಂದುತ್ತದೆ ಎಂಬ ಪ್ರಶ್ನೆಯನ್ನು ಕೇಳಬೇಕಾದವರು ನಾವು. ಅದರ ಉತ್ತರವನ್ನು ಸರ್ಕಾರದ ಹಸಿರು ಗುರುತಿಗೆ ಬಿಟ್ಟುಕೊಟ್ಟ ದಿನ ಶ್ರಾವಕನೆಂಬ ಹೆಸರು ನಮ್ಮಲ್ಲಿ ಹೆಸರಾಗಿ ಮಾತ್ರ ಉಳಿಯುತ್ತದೆ.