ಹಳೆಯ ಡೀಸೆಲ್ ಗಾಡಿಯ ಬಲಗುಂದುವಿಕೆ

ಸಾಸಲು ಹೋಬಳಿಯಿಂದ ದೊಡ್ಡಬಳ್ಳಾಪುರದ ಪೇಟೆಗೆ ರಾಗಿಯನ್ನು ಸಾಗಿಸುವ ಹಳೆಯ ಡೀಸೆಲ್ ಪಿಕಪ್ ಗಾಡಿಯು ದಿನೇ ದಿನೇ ಬಲಗುಂದಿದರೆ, ಒಡನೆಯೇ ಎಂಜಿನ್ನನ್ನು ಬಿಚ್ಚಿಸಿ ಸಾಲಕ್ಕೆ ಸಿಕ್ಕುವುದು ವಿವೇಕವಲ್ಲವೆಂಬುದು ನಮ್ಮ ಅಭಿಪ್ರಾಯವು. ಡೀಸೆಲ್ ಯಂತ್ರದಲ್ಲಿ ಕಿಡಿಯಿಲ್ಲ. ಒತ್ತಲ್ಪಟ್ಟ ಗಾಳಿಯ ಕಾವಿನಿಂದಲೇ ಎಣ್ಣೆಯು ಹೊತ್ತಿಕೊಳ್ಳುವುದು. ಆದುದರಿಂದ ಗಾಳಿ, ಎಣ್ಣೆ ಇವೆರಡರ ದಾರಿಯನ್ನೇ ಮೊದಲು ಪರೀಕ್ಷಿಸತಕ್ಕದ್ದು.

ದಿಬ್ಬವೇರುವಾಗ ಕಪ್ಪು ಹೊಗೆಯು ಹೆಚ್ಚಿದರೆ ಗಾಳಿಯ ಫಿಲ್ಟರಿನಲ್ಲಿ ಧೂಳು ತುಂಬಿರಬಹುದು. ಟರ್ಬೋ ಇದ್ದಲ್ಲಿ ಅದರ ಕೊಳವೆಯು ಸೀಳಿರಲೂಬಹುದು. ಹೊಗೆಯಿಲ್ಲದೆ, ಹೇರು ಹೊತ್ತಾಗ ಮಾತ್ರ ಸೋತರೆ ಡೀಸೆಲ್ ಫಿಲ್ಟರು ಕಟ್ಟಿರುವುದುಂಟು. ಅದನ್ನು ಬದಲಿಸಿ, ತಳದಲ್ಲಿ ನಿಂತ ನೀರನ್ನು ಹೊರಬಿಡಬೇಕು. ಇವೆಲ್ಲವೂ ಸರಿಯಿದ್ದು, ಮುಂಜಾನೆ ಬಿಳಿ ಹೊಗೆಯುಗುಳಿ ಪ್ರಯಾಸದಿಂದ ಸ್ಟಾರ್ಟ್ ಆಗುವುದಾದರೆ ಇಂಜೆಕ್ಟರುಗಳನ್ನು ನೋಡಿಸಿ, ಕಂಪ್ರೆಷನ್ನನ್ನು ಅಳತೆಮಾಡಿಸಬೇಕು. ಎಂಜಿನ್ನನ್ನು ಬಿಚ್ಚುವ ಮಾತು ಅನಂತರದ್ದು.

ಗ್ರಾಮದ ಮುಖಂಡರು ಈ ಕ್ರಮವನ್ನು ತಾವೇ ಅನುಸರಿಸಿ ತೋರಿಸಿದರೆ ನೆರೆಯವರ ಹಣವೂ ಉಳಿದೀತು.